ಹುಬ್ಬಳ್ಳಿಯಲ್ಲಿ ಒಂದು ದಿನ ಬಿಡುವಿದ್ದರೆ ಬಾದಾಮಿಗೆ ಹೋಗಬಹುದಾ?

ನಿಮ್ಮ ತಮ್ಮ ಪೈಲಟ್, ಹುಬ್ಬಳ್ಳಿಯಲ್ಲಿ ಒಂದು ದಿನ ಬಿಡುವು, ಇತಿಹಾಸ, ಊಟ, ಕ್ರಿಕೆಟ್ ಮೂರೂ ಇಷ್ಟ ಎಂದಿದ್ದೀರಿ. ಬಾದಾಮಿ ಬೇಡ. ಹೋಗೋದಕ್ಕೇ ನೂರು ಕಿಲೋಮೀಟರಿಗಿಂತ ಜಾಸ್ತಿ, ಮರುದಿನ ವಿಮಾನ ಹಾರಿಸುವವರಿಗೆ ನಿದ್ದೆ ಮುಖ್ಯ ಅಲ್ವಾ?

ಲಕ್ಕುಂಡಿಗೆ ಕಳಿಸಿ. ಗದಗ ದಾಟಿದರೆ ಹನ್ನೆರಡು ಕಿಲೋಮೀಟರ್ ಅಷ್ಟೇ. ಕಾಶಿ ವಿಶ್ವನಾಥ ಗುಡಿಯಲ್ಲಿ ಶಿವ ಮತ್ತು ಸೂರ್ಯನ ಗರ್ಭಗುಡಿಗಳು ಎದುರುಬದುರಾಗಿವೆ. ಬಾಗಿಲವಾಡದ ಕೆತ್ತನೆ ನೋಡಲು ಅವಸರ ಮಾಡಬಾರದು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವೂ ಅದೇ ಊರಲ್ಲಿದೆ. ನನಗೆ ಎಲ್ಲಕ್ಕಿಂತ ಇಷ್ಟ ಮಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲಿನ ಬದಿಗಳಲ್ಲೂ ಪುಟ್ಟ ಪುಟ್ಟ ಗುಡಿಗಳು!

ಕ್ರಿಕೆಟ್ ಹುಚ್ಚಿಗೂ ಇದೇ ದಾರಿ ಸರಿ. ಭಾರತ ತಂಡದ ಮಾಜಿ ಸ್ಪಿನ್ನರ್ ಸುನಿಲ್ ಜೋಶಿ ಗದಗಿನವರು, ಹುಡುಗನಾಗಿದ್ದಾಗ ಬೆಳಿಗ್ಗೆ ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಬಂದು ಶಾಲೆ ಹೊತ್ತಿಗೆ ವಾಪಸ್ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ರನ್, 5 ವಿಕೆಟ್. ಗೊತ್ತಿರುತ್ತೆ ಬಿಡಿ.

ಮಧ್ಯಾಹ್ನ ಗದಗಿನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸಂಜೆ ಹುಬ್ಬಳ್ಳಿಯಲ್ಲಿ ಗಿರ್ಮಿಟ್. ಸಾವಜಿ ಊಟ ಮಾತ್ರ ಹಾರಾಟದ ಹಿಂದಿನ ರಾತ್ರಿ ಬೇಡ, ಆ ಖಾರ ಕಾಕ್‌ಪಿಟ್‌ವರೆಗೂ ಬರುತ್ತೆ. ಬಿಯರ್ ಆಸೆಯಿದ್ದರೆ ಹಾರಾಟಕ್ಕೆ ಮುಂಚಿನ 12 ತಾಸು ಕುಡಿಯುವಂತಿಲ್ಲ ಎಂಬ ಡಿಜಿಸಿಎ (ವಿಮಾನಯಾನ ನಿಯಂತ್ರಕ ಸಂಸ್ಥೆ) ನಿಯಮ ಅವರಿಗೇ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬೇಗ ಹೊರಡಲಿ, ಮಧ್ಯಾಹ್ನದ ಬಿಸಿಲಿಗೆ ಗುಡಿಯ ಕಲ್ಲು ಕಾಲು ಸುಡುತ್ತೆ.