ರಾತ್ರಿಯಿಡೀ ಚಿತ್ರೀಕರಿಸಿದ ಭ್ರೂಣದ ಬಾಲ ಸೊಟ್ಟಗಾಗುವುದೇಕೆ?

ಪ್ರಶ್ನೆ: 16 ಗಂಟೆ ಪ್ರಾಯದ ಜೀಬ್ರಾಮೀನಿನ ಭ್ರೂಣವನ್ನು ಶೇ 1.2ರ ಲೋ-ಮೆಲ್ಟ್ ಅಗರೋಸ್‌ನಲ್ಲಿ (ಕಡಿಮೆ ಬಿಸಿಗೇ ಕರಗುವ ಜೆಲ್) ಕೂರಿಸಿ, ಲೇಸರ್ ಬಳಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಐದು ನಿಮಿಷಕ್ಕೊಮ್ಮೆ 80 ಸ್ಲೈಸ್ (ಒಂದೊಂದು ಪದರದ ಚಿತ್ರ) ತೆಗೆಯುತ್ತೇನೆ. ಬೆಳಿಗ್ಗೆ ನೋಡಿದರೆ ಬಾಲ ಸೊಟ್ಟ, ಬೆಳವಣಿಗೆಯೂ ಹಿಂದೆ. ಲೇಸರ್ ತಗ್ಗಿಸಿದರೂ ಬಾಲ ಹಾಗೇ ಇದೆ. ಲೈಟ್‌ಶೀಟ್ ಸೂಕ್ಷ್ಮದರ್ಶಕಕ್ಕೆ ಹೋಗಲೇಬೇಕೇ?

ಉತ್ತರ: ನಿಮ್ಮಲ್ಲಿರುವುದು ಒಂದಲ್ಲ, ಎರಡು ತೊಂದರೆ. ಬಾಲ ಸೊಟ್ಟಗಾಗುವುದು ಬಹುಮಟ್ಟಿಗೆ ಅಗರೋಸ್‌ನಿಂದ. ಈ ವಯಸ್ಸಿನಲ್ಲಿ ಬಾಲದ ಮೊಗ್ಗು ಹಳದಿಚೀಲದಿಂದ (ಭ್ರೂಣದ ಆಹಾರದ ಚೀಲ) ಬಿಡಿಸಿಕೊಂಡು ಉದ್ದವಾಗತೊಡಗುತ್ತದೆ. ಸುತ್ತ ಗಟ್ಟಿ ಜೆಲ್ ಇದ್ದರೆ ಜಾಗ ಸಿಗದೆ ಮಡಚಿಕೊಳ್ಳುತ್ತದೆ. ಬೆಳವಣಿಗೆ ಹಿಂದೆ ಬೀಳುವುದಕ್ಕೆ ಕಾರಣ ಬೆಳಕು, ಇಲ್ಲವೇ ಚಳಿ.

ಯಾವುದು ಎಷ್ಟು ಎಂದು ತಿಳಿಯಲು ಮೂರು ಗುಂಪು ಮಾಡಿ: ಡಿಶ್‌ನಲ್ಲಿ ಬಿಟ್ಟವು, ಅಗರೋಸ್‌ನಲ್ಲಿದ್ದೂ ಲೇಸರ್ ಬೀಳದವು, ಲೇಸರ್ ಬಿದ್ದವು. ಮೂರೂ ಒಂದೇ ತಾಪಮಾನದಲ್ಲಿರಲಿ. ಆಮೇಲೆ ಸೋಮೈಟ್ (ಬೆನ್ನಿನುದ್ದಕ್ಕೂ ಜೊತೆಜೊತೆಯಾಗಿ ಮೂಡುವ ಅಂಗಾಂಶದ ತುಣುಕು) ಎಣಿಸಿ. 28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಗೊಂದು ಜೊತೆ ಸೋಮೈಟ್ ಮೂಡುತ್ತದೆ. 16ನೇ ಗಂಟೆಗೆ 14 ಇದ್ದರೆ 22ನೇ ಗಂಟೆಗೆ ಸುಮಾರು 26 ಇರಬೇಕು. ಎರಡನೇ ಗುಂಪಿನಲ್ಲೂ ಬಾಲ ಸೊಟ್ಟಗಾದರೆ ಅಗರೋಸ್‌ನ ತಪ್ಪು. ಮೂರನೆಯದರಲ್ಲಿ ಮಾತ್ರ ಎಣಿಕೆ ಕಡಿಮೆ ಬಂದರೆ ಬೆಳಕಿನದು. ಮೊದಲೆರಡರಲ್ಲೂ ಕಡಿಮೆ ಬಂದರೆ ಡಿಶ್‌ನೊಳಗಿನ ನೀರಿಗೇ ಥರ್ಮಾಮೀಟರ್ ಇಳಿಸಿ. ನೀರಲ್ಲಿ ಮುಳುಗಿದ ಲೆನ್ಸ್ ಶಾಖ ಹೀರುವುದರಿಂದ ಸ್ಟೇಜ್ ತೋರಿಸುವ ಅಂಕಿಯನ್ನು ನಂಬಬಾರದು. 25 ಡಿಗ್ರಿಯಲ್ಲಿ ಅದೇ ಹಂತ ತಲುಪಲು ಕಾಲುಭಾಗದಷ್ಟು ಹೆಚ್ಚು ಸಮಯ ಹಿಡಿಯುತ್ತದೆ.

ಬಾಲಕ್ಕೆ ಮದ್ದು ಸುಲಭ. ಜೆಲ್ ಗಟ್ಟಿಯಾದ ಮೇಲೆ ನೀರು ತುಂಬಿ, ಸೂಕ್ಷ್ಮ ಬ್ಲೇಡಿನಿಂದ ಬಾಲದ ಸುತ್ತಲಿನ ಅಗರೋಸ್ ಕತ್ತರಿಸಿ ತೆಗೆಯಿರಿ. ತಲೆ ಮತ್ತು ಹಳದಿಚೀಲ ಮಾತ್ರ ಹಿಡಿತದಲ್ಲಿರಲಿ. ಭ್ರೂಣ ಹಾಕುವಾಗ ಅಗರೋಸ್ 37 ಡಿಗ್ರಿ ದಾಟಿರಬಾರದು. ಅವಸರದಲ್ಲಿ ಬಿಸಿಯಾಗಿಯೇ ಸುರಿದು ಭ್ರೂಣ ಕೆಡಿಸಿಕೊಳ್ಳುವವರೇ ಹೆಚ್ಚು.

ಇನ್ನು ಬೆಳಕು. ಐದು ನಿಮಿಷಕ್ಕೊಮ್ಮೆ 80 ಸ್ಲೈಸ್ ಎಂದರೆ ಗಂಟೆಗೆ 960. ಕಾನ್‌ಫೋಕಲ್ ಯಾವ ಸ್ಲೈಸ್ ತೆಗೆದರೂ ಕಿರಣ ಭ್ರೂಣದ ಪೂರ್ತಿ ದಪ್ಪವನ್ನು ಹಾದುಹೋಗುತ್ತದೆ. ಹಾಗಾಗಿ ಪ್ರತಿ ಜೀವಕೋಶಕ್ಕೂ ಗಂಟೆಗೆ 960 ಸಲ ಏಟು. ನೀವು ನೋಡುತ್ತಿರುವುದು ಸೋಮೈಟ್‌ಗಳ ಗಡಿ ಮಾತ್ರವಾದರೆ ಹತ್ತು ನಿಮಿಷಕ್ಕೊಮ್ಮೆ 40 ಸ್ಲೈಸ್ ಸಾಕು. ಬೆಳಕಿನ ಡೋಸ್ ನಾಲ್ಕನೇ ಒಂದು ಪಾಲಿಗಿಳಿಯುತ್ತದೆ. ಲೇಸರ್ ತಗ್ಗಿಸುವ ಮೊದಲು ಈ ಲೆಕ್ಕ ಹಾಕಿ.

ಒಂದೊಂದೇ ಜೀವಕೋಶದ ಜಾಡು ಹಿಡಿಯಬೇಕಾದರೆ ಲೈಟ್‌ಶೀಟ್ ಬೇಕೇ ಬೇಕು. 2004ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಬೆಳಕಿನ ತೆಳು ಹಾಳೆ ಪಕ್ಕದಿಂದ ಬಂದು, ಚಿತ್ರ ತೆಗೆಯುವ ಪದರವನ್ನಷ್ಟೇ ಬೆಳಗುತ್ತದೆ. ಆದರೆ ಅಲ್ಲಿಯೂ ಗಟ್ಟಿ ಅಗರೋಸ್ ಹಾಕಿದರೆ ಬಾಲ ಸೊಟ್ಟಗಾಗುವುದು ತಪ್ಪದು. ಎಫ್‌ಇಪಿ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ಕೊಳವೆ ಬಳಸಿ. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) ನೀರಿನದಕ್ಕೆ ಬಹಳ ಹತ್ತಿರ, ಚಿತ್ರ ಮಸುಕಾಗದು. ಒಳಗೋಡೆಗೆ ಶೇ 3ರ ಮೀಥೈಲ್‌ಸೆಲ್ಯುಲೋಸ್ ಎಂಬ ಮಂದ ದ್ರಾವಣ ಲೇಪಿಸಿ, ಶೇ 0.1ರ ಅಗರೋಸ್‌ನೊಂದಿಗೆ ಭ್ರೂಣವನ್ನು ಒಳಗೆಳೆದು, ತಳಕ್ಕೆ ಶೇ 1.5ರ ಅಗರೋಸ್ ಬಿರಡೆ ಕೊಡಿ. ಡಿಸ್ಕ್ ಜಾಗ ಮೊದಲೇ ನೋಡಿಕೊಳ್ಳಿ, ಒಂದೇ ರಾತ್ರಿಯ ಡೇಟಾ ಟೆರಾಬೈಟ್ ದಾಟಬಹುದು.

ಪ್ರಶ್ನೆ: ಭ್ರೂಣ ಅಲುಗದಿರಲು ಟ್ರೈಕೇನ್ ಎಂಬ ಅರಿವಳಿಕೆ ಹಾಕಿದರೆ ಎದೆಬಡಿತ ನಿಧಾನವಾಗುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಮೊದಲು ಪಿಎಚ್ ನೋಡಿ. ಟ್ರೈಕೇನ್ ಆಮ್ಲೀಯ, ಟ್ರಿಸ್ (ಪಿಎಚ್ ಸರಿದೂಗಿಸುವ ರಾಸಾಯನಿಕ) ಬೆರೆಸಿ 7ಕ್ಕೆ ತರದೆ ಬಳಸಿದರೆ ಭ್ರೂಣಕ್ಕೆ ಅದೇ ಒಂದು ಪೀಡೆ. ಶೇ 0.016 ಮೀರಬೇಡಿ, ಅಗರೋಸ್‌ಗೂ ಮೇಲಿನ ನೀರಿಗೂ ಒಂದೇ ಪ್ರಮಾಣ ಹಾಕಿ. ಭ್ರೂಣ ತಾನಾಗಿ ಮಿಡುಕತೊಡಗುವುದು 17ನೇ ಗಂಟೆಯ ಸುಮಾರಿಗೆ, ಅದಕ್ಕೆ ಮುನ್ನ ಟ್ರೈಕೇನ್ ಬೇಕಿಲ್ಲ. ಹೃದಯವನ್ನೇ ಅಧ್ಯಯನ ಮಾಡುವವರು ಒಂದೇ ಕೋಶದ ಹಂತದಲ್ಲಿ ಆಲ್ಫಾ-ಬಂಗಾರೊಟಾಕ್ಸಿನ್ ಎಂಬ ಹಾವಿನ ವಿಷದ ಪ್ರೋಟೀನನ್ನು ಭ್ರೂಣವೇ ತಯಾರಿಸುವಂತೆ ಅದರ ಎಂಆರ್‌ಎನ್‌ಎ ಇಂಜೆಕ್ಟ್ ಮಾಡಬಹುದು. ಅದು ಅಸ್ಥಿಸ್ನಾಯುವಿನಲ್ಲಿ ನರದ ಸಂಕೇತ ಹಿಡಿಯುವ ಅಸೆಟೈಲ್‌ಕೋಲಿನ್ ಗ್ರಾಹಕಗಳನ್ನು ತಡೆಯುತ್ತದೆ, ಎದೆಬಡಿತದ ಗೋಜಿಗೆ ಹೋಗುವುದಿಲ್ಲ. ಆದರೆ ಅದು ಅರಿವಳಿಕೆಯಲ್ಲ. ಮರಿ ಅಲುಗಾಡುವುದಿಲ್ಲ, ಅಷ್ಟೇ. ಬೆಳೆದ ಮರಿಗಳಿಗೆ ನೋವಾಗುವಂಥ ಪ್ರಯೋಗವಿದ್ದರೆ ಟ್ರೈಕೇನ್ ಬಿಡುವ ಹಾಗಿಲ್ಲ.