ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಕಂಪ್ಯೂಟರ್ ಕಷ್ಟ: ಓದುಗರ ಪ್ರಶ್ನೆ, ಸಾಗರದ ರಿಪೇರಿ ಅಂಗಡಿಯಿಂದ ಉತ್ತರ

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. 2012ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ನನ್ನದು. ಕೋರ್ ಐ3 ಎರಡನೇ ತಲೆಮಾರು, ಎಚ್61 ಮದರ್‌ಬೋರ್ಡ್, 2 ಜಿಬಿಯ ಎರಡು ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಎಂದು ಬಿಲ್ಲಿನಲ್ಲಿದೆ. ಈ ಮಳೆಗಾಲ ಶುರುವಾದ ಮೇಲೆ ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಐದಾರು ಸಲ ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ. ತಾರೀಖು ಮಾತ್ರ ಪ್ರತಿ ಸಲವೂ 2012ಕ್ಕೆ ಹೋಗಿರುತ್ತದೆ. ಮಧ್ಯಾಹ್ನ ಬರೆಯುತ್ತಾ ಕೂತಾಗ ಒಮ್ಮೊಮ್ಮೆ ತಾನಾಗಿ ಆಫ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಪೇಟೆಯ ರಿಪೇರಿಯವರು ಮುಚ್ಚಳ ತೆಗೆದು ನೋಡಿ, ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಎಂದರು. ಅದರಲ್ಲಿ ನನ್ನ ಪಾಠದ ಟಿಪ್ಪಣಿಗಳಿವೆ. ತಂದೆಯವರು ಕೈಯಲ್ಲಿ ಬರೆದಿಟ್ಟಿದ್ದ ಯಕ್ಷಗಾನ ಪ್ರಸಂಗವನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಇದನ್ನು ಬಿಸಾಡಬೇಕೇ, ಉಳಿಸಬಹುದೇ?
ನಿವೃತ್ತ ಶಿಕ್ಷಕರು, ಹೊಸನಗರ ತಾಲ್ಲೂಕು

ಉತ್ತರ: ಮೇಷ್ಟ್ರೇ, ಮೊದಲು ತಂದೆಯವರ ಪ್ರಸಂಗ, ಆಮೇಲೆ ಕಂಪ್ಯೂಟರ್. ಮುಂದಿನ ಸಲ ಪರದೆ ಬಂದ ಕೂಡಲೇ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಒಂದು ಪೆನ್‌ಡ್ರೈವ್ ಹಾಕಿ, ಪ್ರಸಂಗ ಮತ್ತು ಟಿಪ್ಪಣಿಗಳನ್ನು ನಕಲು ಮಾಡಿಕೊಳ್ಳಿ. ಅದು ಮುಗಿದ ಮೇಲೆ ಇನ್ನೊಂದು ಪೆನ್‌ಡ್ರೈವಿಗೆ ಮತ್ತೆ ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ. ಫೋಟೋಗಳು ಆಮೇಲೆ. ಎಲ್ಲ ನಕಲಾಗುವ ತನಕ ಕಂಪ್ಯೂಟರ್ ಆಫ್ ಮಾಡಬೇಡಿ. ನಿಮ್ಮ ಹಾರ್ಡ್ ಡಿಸ್ಕಿಗೂ ಹದಿಮೂರು ವರ್ಷ ದಾಟಿದೆ. ದಿನಾ ಐದಾರು ಸಲ ಆಫ್ ಆಗಿ ಆನ್ ಆಗುವುದು ಅದಕ್ಕೆ ಒಳ್ಳೆಯದಲ್ಲ.

ನಕಲು ಮಾಡುವಾಗ ನುಡಿಯ ಫಾಂಟ್‌ಗಳನ್ನೂ ಜೊತೆಗೆ ತೆಗೆದುಕೊಳ್ಳಿ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಆಗಿರುವುದಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲೇ ಹಾಳಾಯಿತು ಎಂದು ಅಳಿಸಿಬಿಟ್ಟವರನ್ನು ನಾನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ. ಫೈಲ್ ಚೆನ್ನಾಗಿಯೇ ಇರುತ್ತದೆ, ಫಾಂಟ್ ಇರುವುದಿಲ್ಲ ಅಷ್ಟೆ.

ಈಗ ಕಂಪ್ಯೂಟರ್ ವಿಷಯ. ಮುಚ್ಚಳ ತೆಗೆದು ಬರೀ ಕಣ್ಣಲ್ಲಿ ನೋಡಿ ಬೋರ್ಡ್ ಹೋಗಿದೆ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಪೂರ್ತಿ ಸತ್ತ ಬೋರ್ಡ್ ಆರನೇ ಸಲಕ್ಕೂ ಏಳುವುದಿಲ್ಲ. ನಿಮ್ಮ ಪತ್ರದಲ್ಲಿ ಇರುವುದು ಒಂದು ಕಾಯಿಲೆ ಅಲ್ಲ. ಕನಿಷ್ಠ ಮೂರು ಇವೆ. ಒಂದೊಂದನ್ನೇ ಬಿಡಿಸಿಕೊಂಡು ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯಿತು ಎಂದು ನೋಡಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಕೈ ಜುಂ ಅನ್ನುವುದರಿಂದ ಶುರು ಮಾಡೋಣ. ಅದು ಕಂಪ್ಯೂಟರಿನ ತಪ್ಪು ಅಲ್ಲದೇ ಇರಬಹುದು. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಡಬ್ಬಿಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಕರೆಂಟಿನ ಗದ್ದಲ ಸೋಸುವುದಕ್ಕೆ ಅದರೊಳಗೆ ಪುಟ್ಟ ಕೆಪಾಸಿಟರ್‌ಗಳನ್ನು, ಅಂದರೆ ಕರೆಂಟನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗಗಳನ್ನು, ಇಟ್ಟಿರುತ್ತಾರೆ. ಒಂದು ಫೇಸಿನಿಂದ, ಒಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿನ ತಗಡಿಗೆ ಸೇರಿರುತ್ತದೆ. ಅರ್ಥಿಂಗ್ ಸರಿ ಇದ್ದರೆ ಅಲ್ಲಿಂದ ಸೋರಿದ್ದು ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ತಗಡಿನ ಮೇಲೆ ಮನೆ ಕರೆಂಟಿನ ಸುಮಾರು ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತದೆ. ಹರಿಯುವುದು ತೀರಾ ಕಡಿಮೆ, ಅದಕ್ಕೇ ಜುಂ ಅಂದು ಬಿಡುತ್ತದೆ. ಆದರೆ ಎಸ್‌ಎಂಪಿಎಸ್ ಒಳಗೆ ಬೇರೇನಾದರೂ ಕೆಟ್ಟರೆ ಇದೇ ತಗಡು ಅಪಾಯಕ್ಕೆ ದಾರಿ. ಎಲೆಕ್ಟ್ರಿಷಿಯನ್ ಕರೆದು ಆ ಸಾಕೆಟ್ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ಮಧ್ಯೆ ಸುಮಾರು 230 ವೋಲ್ಟ್ ಬರಬೇಕು, ಫೇಸ್ ಮತ್ತು ಅರ್ಥ್ ಮಧ್ಯೆಯೂ ಹತ್ತಿರ ಹತ್ತಿರ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ಎರಡು ಮೂರು ವೋಲ್ಟ್ ಬಂದರೆ ಚಿಂತೆ ಇಲ್ಲ. ಜಾಸ್ತಿ ಬಂದರೆ ಅರ್ಥ್ ಗುಂಡಿ ನೋಡಿಸಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ವೈರೇ ಕೊಟ್ಟಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇನೆ.

ತಾರೀಖು ಹಿಂದೆ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್. ಹೆಸರು ಸಿಆರ್2032, ಹೊಸದಿದ್ದಾಗ 3 ವೋಲ್ಟ್. ನೂರು ರೂಪಾಯಿ ಒಳಗೆ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಕ್ಲಿಪ್ ಒತ್ತಿದರೆ ಸೆಲ್ ಮೇಲೆ ಏಳುತ್ತದೆ. ಅಕ್ಷರ ಬರೆದಿರುವ ಮುಖ ಮೇಲಕ್ಕೆ ಬರುವಂತೆ ಹೊಸದು ಹಾಕಿ. ಇಂಟರ್ನೆಟ್ಟಿನಲ್ಲಿ ಪುಟಗಳು ತೆರೆಯದೆ ಎಚ್ಚರಿಕೆ ಬರುತ್ತಿದ್ದರೆ ಅದಕ್ಕೂ ಈ ತಪ್ಪು ತಾರೀಖೇ ಕಾರಣ ಇರಬಹುದು.

ಇನ್ನು ಕಪ್ಪು ಪರದೆ. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ ಕಂಪ್ಯೂಟರ್‌ಗಳಲ್ಲಿ ಇದೇ ದೊಡ್ಡ ದೂರು. ಮೊದಲು ಸಂಶಯ ಪಡುವುದು ರ‍್ಯಾಮ್ ಮೇಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆ, ಬಟ್ಟೆ, ಪುಸ್ತಕ ಎಲ್ಲ ಬೂಷ್ಟು ಹಿಡಿಯುತ್ತವೆ ಅಲ್ವಾ? ರ‍್ಯಾಮಿನ ತಳದ ಬಂಗಾರದ ಬಣ್ಣದ ಕಾಲುಗಳ ಮೇಲೂ ತೇವ, ದೂಳು ಸೇರಿ ಕಾಣದಂಥ ಪದರ ಕೂರುತ್ತದೆ. ಆಗ ಸ್ಲಾಟಿನ ಜೊತೆ ಸಂಪರ್ಕ ಸಿಗುವುದಿಲ್ಲ.

ಪ್ಲಗ್ ಕೀಳಿ. ಆಮೇಲೆ ಆನ್ ಸ್ವಿಚ್ಚನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಪ್ಲಗ್ ಕಿತ್ತಿರುವುದರಿಂದ ಈಗ ಕೈಯಲ್ಲಿ ಕ್ಯಾಬಿನೆಟ್ಟಿನ ತಗಡು ಒಮ್ಮೆ ಮುಟ್ಟಿಕೊಳ್ಳಿ, ಮೈಮೇಲಿನ ಸ್ಥಿರ ವಿದ್ಯುತ್ ಇಳಿಯಲಿ. ಸ್ಲಾಟಿನ ತುದಿಯ ಚಿಲಕ ಹೊರಕ್ಕೆ ತಳ್ಳಿದರೆ ರ‍್ಯಾಮ್ ಬಿಡುತ್ತದೆ. ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಆ ಕಾಲುಗಳನ್ನು ಎರಡೂ ಕಡೆ ಮೆಲ್ಲಗೆ ಉಜ್ಜಿ, ಚೂರನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ. ಸ್ಲಾಟನ್ನು ಒಣ ಬಣ್ಣದ ಕುಂಚದಲ್ಲಿ ಗುಡಿಸಿ, ಬಾಯಲ್ಲಿ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಈಗ ಒಂದೇ ರ‍್ಯಾಮ್ ಹಾಕಿ ನೋಡಿ. ಮತ್ತೆ ಪ್ಲಗ್ ಕಿತ್ತು, ಅದನ್ನು ತೆಗೆದು ಇನ್ನೊಂದನ್ನು ಅದೇ ಸ್ಲಾಟಿಗೆ ಹಾಕಿ ನೋಡಿ. ಆಮೇಲೆ ಪಕ್ಕದ ಸ್ಲಾಟಿನಲ್ಲಿ. ಕೆಟ್ಟಿದ್ದು ರ‍್ಯಾಮೋ ಸ್ಲಾಟೋ ಎಂದು ಇದರಿಂದ ಗೊತ್ತಾಗುತ್ತದೆ.

ಆಗಲೂ ಪರದೆ ಬರಲಿಲ್ಲವೋ, ಬೋರ್ಡ್ ಬದುಕಿದೆಯೇ ಎಂದು ಕೇಳುವ ಒಂದು ದಾರಿ ಇದೆ. ಬೋರ್ಡಿಗೆ ಸಿಕ್ಕಿಸುವ ಬೆರಳಿನ ತುದಿಯಷ್ಟು ದೊಡ್ಡ ಸ್ಪೀಕರ್ ಸಿಗುತ್ತದೆ. ಅದನ್ನು ಹಾಕಿ, ಎರಡೂ ರ‍್ಯಾಮ್ ತೆಗೆದು ಆನ್ ಮಾಡಿ. ಬೀಪ್ ಬೀಪ್ ಎಂದು ಕೂಗಿದರೆ ಪ್ರೊಸೆಸರ್ ಕೆಲಸ ಮಾಡುತ್ತಿದೆ, ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ ಮೊದಲ ತಂತ್ರಾಂಶ) ಓದಿದೆ, ರ‍್ಯಾಮ್ ಇಲ್ಲ ಎಂದು ದೂರು ಹೇಳುತ್ತಿದೆ ಎಂದರ್ಥ. ಬೋರ್ಡ್ ಹೋಗಿದೆ ಎಂದವರ ಮುಂದೆಯೇ ಇದನ್ನು ಮಾಡಿಸಿ.

ಬೆಳಿಗ್ಗೆ ತಣ್ಣಗಿದ್ದಾಗ ಏಳದೆ, ಐದಾರು ಸಲ ಕರೆಂಟ್ ಕೊಟ್ಟ ಮೇಲೆ ಏಳುವುದಕ್ಕೆ ಇನ್ನೊಂದು ಕಾರಣ ಎಸ್‌ಎಂಪಿಎಸ್. ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ದ್ರವ ಇರುತ್ತದೆ. ವರ್ಷ ಕಳೆದಂತೆ ಅದು ಒಣಗುತ್ತದೆ. ಒಣಗಿದ್ದು ತಣ್ಣಗಿದ್ದಾಗ ಇನ್ನೂ ಸೋಮಾರಿ, ಸ್ವಲ್ಪ ಬಿಸಿಯಾದ ಮೇಲೆ ಕೆಲಸ ಮಾಡುತ್ತದೆ. ರ‍್ಯಾಮ್ ಉಜ್ಜಿದ ಮೇಲೂ ಬೆಳಗಿನ ತಕರಾರು ಹಾಗೇ ಉಳಿದರೆ ನನ್ನ ಸಂಶಯ ಪೂರ್ತಿ ಇದರ ಮೇಲೆ. ಕಂಪ್ಯೂಟರ್ ಓಡುತ್ತಿರುವಾಗ ಮಲ್ಟಿಮೀಟರಿನಲ್ಲಿ ಹಳದಿ ವೈರ್ ಮತ್ತು ಕಪ್ಪು ವೈರ್ ಮಧ್ಯೆ 12 ವೋಲ್ಟ್ ಬರಬೇಕು. 11.4ಕ್ಕಿಂತ ಕೆಳಗೆ, 12.6ಕ್ಕಿಂತ ಮೇಲೆ ಹೋಗಬಾರದು. ಕೆಂಪಿಗೆ 5 ವೋಲ್ಟ್, 4.75ರಿಂದ 5.25ರ ಒಳಗೆ. ಆದರೆ ಮೀಟರ್ ಸರಿ ತೋರಿಸಿದರೂ ನಂಬಿ ಕೂರಬೇಡಿ. ಕ್ಷಣದ ಕುಸಿತ ಅದರಲ್ಲಿ ಕಾಣುವುದಿಲ್ಲ. ಗಟ್ಟಿ ಪರೀಕ್ಷೆ ಎಂದರೆ ಸರಿ ಇರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನಾಲ್ಕು ದಿನ ಓಡಿಸುವುದು. ಅಂಗಡಿಯವರನ್ನು ಕೇಳಿ, ಎರವಲು ಕೊಡುತ್ತಾರೆ. ನಾನೂ ಕೊಡುತ್ತೇನೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಹೊಸದು ಕೊಳ್ಳುವಾಗ ಅಂಟಿಸಿದ ಚೀಟಿಯ ಮೇಲಿನ 450, 500 ವ್ಯಾಟ್ ನೋಡಿ ಮರುಳಾಗಬೇಡಿ. ನಿಮ್ಮ ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ 65 ವ್ಯಾಟಿನದ್ದು. ನಿಜವಾದ 300 ವ್ಯಾಟ್ ಕೊಡುವ ಒಳ್ಳೆಯ ಕಂಪನಿಯದು ಧಾರಾಳ ಸಾಕು.

ಮಧ್ಯಾಹ್ನ ತಾನಾಗಿ ಆಫ್ ಆಗುವುದಕ್ಕೆ ಎಸ್‌ಎಂಪಿಎಸ್ ಕಾರಣ ಇರಬಹುದು, ಬಿಸಿಯೂ ಇರಬಹುದು. ಆಫ್ ಆದ ತಕ್ಷಣ ಮತ್ತೆ ಆನ್ ಮಾಡಿ. ಮೊದಲಿಗಿಂತ ಬೇಗ ಆಫ್ ಆಯಿತು, ಅರ್ಧ ಗಂಟೆ ಬಿಟ್ಟರೆ ಜಾಸ್ತಿ ಹೊತ್ತು ಓಡಿತು ಎಂದರೆ ಬಿಸಿಯ ಕಡೆಗೆ ಬೆರಳು ತೋರಿಸುತ್ತದೆ. ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳಿವೆ. ಅವುಗಳ ಮಧ್ಯೆ ದೂಳು ಕಂಬಳಿಯ ಹಾಗೆ ಕೂತಿರುತ್ತದೆ. ಪ್ಲಗ್ ಕಿತ್ತು, ಫ್ಯಾನನ್ನು ಬೆರಳಲ್ಲಿ ಹಿಡಿದು, ಕುಂಚದಿಂದ ತೆಗೆಯಿರಿ. ಆ ಫ್ಯಾನಿನ ನಾಲ್ಕು ಮೂಲೆಯ ಪ್ಲಾಸ್ಟಿಕ್ ಕಾಲುಗಳನ್ನೂ ನೋಡಿ. ಒಂದು ಕಾಲು ಎದ್ದಿದ್ದರೂ ಸಾಕು, ಪ್ರೊಸೆಸರಿಗೆ ಸರಿಯಾಗಿ ಒತ್ತಿ ಕೂರುವುದಿಲ್ಲ. ಇಷ್ಟು ವರ್ಷದಲ್ಲಿ ಕೆಳಗಿನ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರಿನ ಬಿಸಿಯನ್ನು ರೆಕ್ಕೆಗಳಿಗೆ ದಾಟಿಸುವ ಲೇಪ, ಸುಣ್ಣದ ಪುಡಿಯ ಹಾಗೆ ಒಣಗಿರುತ್ತದೆ. ಬಿಚ್ಚಿ ಹಳೆಯದನ್ನು ಪೂರ್ತಿ ಒರೆಸಿ, ಬಟಾಣಿ ಕಾಳಿಗಿಂತ ಚಿಕ್ಕ ಹನಿ ಹೊಸದು ಹಾಕಿಸಿ. ಇದನ್ನು ಕೈ ಪಳಗಿದವರಿಂದ ಮಾಡಿಸುವುದು ಮೇಲು.

ಬೋರ್ಡ್ ವಿಷಯ ಕೊನೆಗೆ. ಟಾರ್ಚ್ ಬಿಟ್ಟು ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಕೆಟ್ಟಿವೆ. ಅವನ್ನೂ ಬದಲಾಯಿಸಬಹುದು.

ಬೋರ್ಡ್ ಎಂದಾಗ ಹೋದ ಮಳೆಗಾಲದ ಒಂದು ಸಂಗತಿ ಹೇಳಬೇಕು. ಅಡಿಕೆ ತೋಟದವರೊಬ್ಬರು ಬೋರ್ಡ್ ಹೋಗಿದೆಯಂತೆ ಎಂದು ಕಂಪ್ಯೂಟರ್ ಹೊತ್ತು ತಂದರು. ಆನ್ ಮಾಡಿದರೆ ನಾಲ್ಕೇ ಸೆಕೆಂಡಿಗೆ ಆಫ್, ಪ್ರತಿ ಸಲವೂ ಲೆಕ್ಕ ಹಾಕಿದ ಹಾಗೆ ನಾಲ್ಕೇ ಸೆಕೆಂಡ್. ಆ ಲೆಕ್ಕವೇ ನನಗೆ ಸುಳಿವು. ಆನ್ ಸ್ವಿಚ್ಚನ್ನು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಇಂಥ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಆಫ್ ಆಗುತ್ತವೆ. ಅವರ ಸ್ವಿಚ್ ತುಕ್ಕು ಹಿಡಿದು ಒಳಗೇ ಅಂಟಿಕೊಂಡಿತ್ತು. ಬೋರ್ಡಿನಿಂದ ಸ್ವಿಚ್ಚಿನ ವೈರ್ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ಒಮ್ಮೆ ಮುಟ್ಟಿಸಿದೆ. ಆನ್ ಆಗಿ ಹಾಗೇ ಓಡಿತು. ಮೇಷ್ಟ್ರೇ, ಆ ಮನುಷ್ಯರು ಹೊಸ ಕಂಪ್ಯೂಟರಿಗೆ ಎಂದು ಸೊಸೈಟಿಯಲ್ಲಿ ಸಾಲ ಕೇಳಿ ಬಂದಿದ್ದರು.

ನಿಮ್ಮದಕ್ಕೆ ಸೆಲ್, ಪೇಸ್ಟ್, ಎಸ್‌ಎಂಪಿಎಸ್ ಇಷ್ಟರಲ್ಲೇ ಮುಗಿಯಬಹುದು ಎಂದು ನನಗೆ ಅನಿಸುತ್ತದೆ. ಸರಿಯಾದ ಮೇಲೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚುರುಕು ಡಿಸ್ಕ್, ಹಾಕಿಸಿಕೊಳ್ಳಿ.

ಪ್ರಶ್ನೆ: ನನ್ನ ಅಣ್ಣ ಬಿಟ್ಟುಹೋದ 2011ರ ಕಂಪ್ಯೂಟರ್ ತುಂಬಾ ನಿಧಾನ. ಒಮ್ಮೊಮ್ಮೆ ಟಕ್ ಟಕ್ ಸದ್ದು ಬಂದು ಎರಡು ನಿಮಿಷ ನಿಂತುಬಿಡುತ್ತದೆ. ರ‍್ಯಾಮ್ ಜಾಸ್ತಿ ಮಾಡಿಸಲಾ?
ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಡ ತಂಗಿ, ಈಗ ರ‍್ಯಾಮಿಗೆ ದುಡ್ಡು ಹಾಕಬೇಡ. ಆ ಟಕ್ ಟಕ್ ಹಾರ್ಡ್ ಡಿಸ್ಕಿನ ಸದ್ದು. ಒಳಗಿನ ಓದುವ ಮುಳ್ಳು ಜಾಗ ಸಿಗದೆ ಮತ್ತೆ ಮತ್ತೆ ಹುಡುಕುವಾಗ ಹಾಗೆ ಕೇಳುತ್ತದೆ. ಇವತ್ತೇ ಬೇಕಾದ್ದನ್ನು ನಕಲು ಮಾಡಿಕೋ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುತ್ತದೆ. ಅದರಲ್ಲಿ 05 ಮತ್ತು ಸಿ5 ಎಂಬ ಸಾಲುಗಳು ಮುಖ್ಯ. ಮೊದಲನೆಯದು ಕೆಟ್ಟು ಬದಲಾಯಿಸಿದ ಜಾಗಗಳ ಲೆಕ್ಕ, ಎರಡನೆಯದು ಓದಲಾಗದೆ ಕಾಯುತ್ತಿರುವ ಜಾಗಗಳ ಲೆಕ್ಕ. ಎರಡೂ ಸೊನ್ನೆ ಇರಬೇಕು. ಸಿ5 ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಇನ್ನು ನಂಬಿಕೆಗೆ ಅಲ್ಲ. ಲೆಕ್ಕ ಸೊನ್ನೆಯೇ ಇದ್ದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡು, ಅದೂ ಕೈ ಕೊಡುತ್ತದೆ.

ರ‍್ಯಾಮಿನ ಬದಲು 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ತಗೋ. ಹಳೆಯ ಕಂಪ್ಯೂಟರಿಗೆ ಅದರಷ್ಟು ಚುರುಕು ತರುವ ಬೇರೆ ಭಾಗ ನಾನು ನೋಡಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2011ರ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಹಾಕಲಾಗದು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೋ. ಟ್ಯಾಲಿ ಕಲಿಯುತ್ತಿದ್ದರೆ ಮಾತ್ರ ಅದಕ್ಕೆ ವಿಂಡೋಸ್ ಬೇಕು, ಕಾಲೇಜಿನ ಲ್ಯಾಬಿನಲ್ಲಿ ಮಾಡಿಕೊಳ್ಳಬಹುದಾ ಎಂದು ಕೇಳು.

ಪ್ರಶ್ನೆ: ಯುಪಿಎಸ್ ಇದೆ. ಆದರೂ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗುತ್ತದೆ. ಯುಪಿಎಸ್ ಕೆಟ್ಟಿದೆಯೇ?
ಡಿಟಿಪಿ ಕೆಲಸ ಮಾಡುವವರು, ಗದಗ

ಉತ್ತರ: ಯುಪಿಎಸ್ಸಿಗಿಂತ ಮೊದಲು ಬ್ಯಾಟರಿ ನೋಡಿ. 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. ಮೂರು ವರ್ಷ ಬಂದರೆ ಚೆನ್ನಾಗಿ ಬಂತು ಎಂದೇ ಲೆಕ್ಕ, ನಿಮ್ಮ ಕಡೆಯ ಬಿಸಿಲಿಗೆ ಇನ್ನೂ ಬೇಗ ಸೋಲುತ್ತದೆ. ಪಕ್ಕೆ ಉಬ್ಬಿದ್ದರೆ ಅಳೆಯುವುದೇ ಬೇಡ, ಬದಲಿಸಿ. ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಕೊಟ್ಟಿದ್ದರೆ ಇವತ್ತೇ ತೆಗೆದು ಗೋಡೆಯ ಸಾಕೆಟ್ಟಿಗೆ ಕೊಡಿ. ಅದರ ಒಳಗಿನ ಹೀಟರ್ ಕಾಯುವಾಗ ಎಳೆಯುವ ಕರೆಂಟನ್ನು ಅಷ್ಟು ಚಿಕ್ಕ ಯುಪಿಎಸ್ ತಡೆಯುವುದಿಲ್ಲ. ಹಳೆಯ ಬ್ಯಾಟರಿಯನ್ನು ಕಸಕ್ಕೆ ಹಾಕಬೇಡಿ, ಒಳಗೆ ಸೀಸ ಮತ್ತು ಆಸಿಡ್ ಇದೆ. ಹೊಸದು ಕೊಳ್ಳುವ ಅಂಗಡಿಗೇ ಕೊಡಿ, ಅದಕ್ಕೆ ಬೆಲೆ ಕಟ್ಟಿ ಬಿಲ್ಲಿನಲ್ಲಿ ಕಳೆಯುತ್ತಾರೆ.