ಪಲ್ಲವಿ ಇಲ್ಲದ ರ‍್ಯಾಪ್

ಪ್ರಶ್ನೆ: ರ‍್ಯಾಪ್ ಅಂದರೆ ಕಾರು, ಚಿನ್ನದ ಸರ, ದುಡ್ಡಿನ ಜಂಬ, ಅಷ್ಟೇನಾ? ಬೇರೆ ಥರದ್ದು ಕೇಳಬೇಕೆಂದರೆ ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಅಷ್ಟೇ ಅಲ್ಲ. 2004ರ ‘ಮ್ಯಾಡ್‌ವಿಲನಿ’ ಆಲ್ಬಮ್‌ನಿಂದ ಶುರು ಮಾಡಿ. ಲೋಹದ ಮುಖವಾಡ ಹಾಕಿಕೊಂಡು ವೇದಿಕೆ ಹತ್ತುತ್ತಿದ್ದ ರ‍್ಯಾಪರ್ ಎಂಎಫ್ ಡೂಮ್ ಮತ್ತು ಕ್ಯಾಲಿಫೋರ್ನಿಯಾದ ಸಂಗೀತ ನಿರ್ಮಾಪಕ ಮ್ಯಾಡ್‌ಲಿಬ್ ಸೇರಿ ಮಾಡಿದ್ದು. 22 ಟ್ರ್ಯಾಕ್, ಒಟ್ಟು ಸುಮಾರು 46 ನಿಮಿಷ. ಹೆಚ್ಚಿನ ಹಾಡುಗಳಿಗೆ ಪಲ್ಲವಿಯೇ ಇಲ್ಲ! ರೇಡಿಯೊದವರಿಗೆ ಬೇಕಾದದ್ದೇ ಅದು, ಇವರು ಅದನ್ನೇ ಬಿಟ್ಟರು.

ಮ್ಯಾಡ್‌ಲಿಬ್ ಕೆಲವು ಹಿನ್ನೆಲೆ ಸಂಗೀತದ ಬೀಟ್‌ಗಳನ್ನು ಬ್ರೆಜಿಲ್‌ನ ಹೋಟೆಲ್ ರೂಮಿನಲ್ಲೇ ಕೂತು ಮಾಡಿದ್ದ. ಕೈಯಲ್ಲಿದ್ದದ್ದು ಒಂದು ಪುಟ್ಟ ಸ್ಯಾಂಪ್ಲರ್ (ಹಳೆ ಹಾಡುಗಳ ತುಣುಕು ಹಿಡಿದು ಜೋಡಿಸುವ ಯಂತ್ರ), ಸಣ್ಣ ರೆಕಾರ್ಡ್ ಪ್ಲೇಯರ್, ಕ್ಯಾಸೆಟ್ ಡೆಕ್. ದೊಡ್ಡ ಸ್ಟುಡಿಯೊ ಬೇಕೇ ಬೇಕು ಅಂತೇನಿಲ್ಲ, ಅಲ್ವಾ?

ಮೊದಲ ಸಲ ನಾನು ಮೂರನೇ ಹಾಡಿಗೇ ನಿಲ್ಲಿಸಿಬಿಟ್ಟಿದ್ದೆ. ತಲೆಬುಡ ತಿಳಿಯಲಿಲ್ಲ. ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಅದರಲ್ಲಿನ ‘ಅಕಾರ್ಡಿಯನ್’ ಹಾಡೊಂದನ್ನೇ ಮತ್ತೆ ಮತ್ತೆ ಕೇಳಿದೆ. ನಮ್ಮ ಹಾರ್ಮೋನಿಯಂ ನೆನಪಿಸುವ ದನಿ ಎರಡು ನಿಮಿಷ ಸುಮ್ನೆ ಸುತ್ತುತ್ತಿರುತ್ತದೆ. ಅದರ ಮೇಲೆ ಡೂಮ್‌ನ ಗೊಗ್ಗರು ಗಂಟಲು, ಒಂಚೂರೂ ಅವಸರವಿಲ್ಲ. ನಮ್ಮ ಆದಿಪ್ರಾಸದಲ್ಲಿ ಸಾಲಿನ ಎರಡನೇ ಅಕ್ಷರ ಕೂಡಿಬರುತ್ತದೆ. ಡೂಮ್ ಸಾಲಿನ ಮೊದಲಲ್ಲಿ, ನಡುವೆ, ಕೊನೆಯಲ್ಲಿ, ಎಲ್ಲ ಕಡೆ ಪ್ರಾಸ ಹೆಣೆಯುತ್ತಾನೆ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಹೆಣಿಗೆ ಕಿವಿಗೆ ಸಿಗುತ್ತದೆ. ಆಮೇಲೆ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ.

ಇನ್ನೂ ಒರಟು ಬೇಕೆಂದರೆ ನ್ಯೂಯಾರ್ಕಿನ ಕಂಪನಿ ಫ್ಲೋ ತಂಡದ 1997ರ ‘ಫನ್‌ಕ್ರಷರ್ ಪ್ಲಸ್’ ಇದೆ. ಆದರೆ ಅದು ಎರಡನೆಯದು. ಮೊದಲು ಡೂಮ್. 2020ರಲ್ಲಿ ಆತ ತೀರಿಕೊಂಡ. ನನಗೆ ಈಗಲೂ ವಾರಕ್ಕೊಮ್ಮೆಯಾದರೂ ಆ ದನಿ ಬೇಕು.